ಆಟಿಯಲ್ಲಿ ಬಿಚ್ಚಿದ ಬ್ರೇಕು

ನಮ್ಮ ಕಾರಿನ ಹಿಂದಿನ ಬ್ರೇಕು ಯಾಕೆ ಹಿಡಿಯುತ್ತಿಲ್ಲ ಎಂಬುದಕ್ಕೆ ಆ ವರ್ಷದ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ತಲೆಗೊಂದು ಕಾರಣವಿತ್ತು. ಮಾವನದು ಒಂದು, ಅತ್ತೆಯದು ಒಂದು, ನನ್ನದು ಒಂದು. ಬಸ್ಸಿನಲ್ಲಿ ಸಿಕ್ಕಿದವರೊಬ್ಬರು ಕೇಳದೆಯೇ ಕೊಟ್ಟದ್ದು ಇನ್ನೊಂದು. ಎಲ್ಲವೂ ತಪ್ಪು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಸಿಟ್ಟು, ಸಿಟ್ಟು ಇಳಿದ ಮೇಲೆ ಅಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಗಲ್ಫ್‌ನಲ್ಲಿದ್ದರು. ನಾನು ಕಾಪುವಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆಯಲ್ಲಿ, ಅತ್ತೆ ಮಾವನ ಜೊತೆಗಿದ್ದೆ. ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಗಂಡ ರಜೆಯಲ್ಲಿ ಬಂದಾಗ ಒಬ್ಬ ಡಾಕ್ಟರರಿಂದ ಹಳೆಯ ಕಾರೊಂದನ್ನು ಕೊಂಡು, ನನಗೆ ಓಡಿಸಲು ಕಲಿಸಿ, ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದರು. ಆಗ ನಮ್ಮ ರಸ್ತೆಯಲ್ಲಿ ಓಡುತ್ತಿದ್ದ ಕಾರುಗಳೆಂದರೆ ಹೆಚ್ಚುಕಡಿಮೆ ಎರಡೇ ಬಗೆ, ಒಂದು ದೊಡ್ಡದು, ಒಂದು ಸಣ್ಣದು. ನಮ್ಮದು ಸಣ್ಣದು. ಹೋಗುವಾಗ ಅವರು ಒಂದು ಮಾತು ಸೇರಿಸಿದ್ದರು: ಗಾಡಿಯ ವಿಷಯದಲ್ಲಿ ಅಪ್ಪನ ಮಾತೇ ಕೊನೆ. ಆ ಮಾತಿಗೆ ನಾನು ತಲೆಯಾಡಿಸಿದ್ದೆ. ಕಾರು ಕೈಗೆ ಸಿಗುವ ಹೊತ್ತಿನಲ್ಲಿ ಯಾವ ಮಾತಿಗೂ ತಲೆಯಾಡಿಸುತ್ತಿದ್ದೆ.

ಮಾವ ಉಡುಪಿಯ ಒಂದು ಬಸ್ ಕಂಪೆನಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು. ಹೆಡ್ ಮಿಸ್ತ್ರಿ ಎಂದೇ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು. ಕಾರನ್ನು ಅವರು ಗಾಡಿ ಎಂದು ಒಪ್ಪಿದ್ದೇ ಕಷ್ಟದಲ್ಲಿ. "ಇದು ಬೆಂಕಿಪೊಟ್ಟಣ. ಬಸ್ಸಿನ ಒಂದು ಚಕ್ರದ ಭಾರ ಇಲ್ಲ ಇದಕ್ಕೆ" ಎನ್ನುತ್ತಿದ್ದರು. ಆದರೂ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನೋಡದೆ ಅವರಿಗೆ ಚಾ ಇಳಿಯುತ್ತಿರಲಿಲ್ಲ. ನಸ್ಯದ ಅಭ್ಯಾಸ ಇತ್ತು. ಒಂದು ಚಿಟಿಕೆ ನಸ್ಯ ಏರಿಸಿ, ಸೀನಿ, ಆಮೇಲೆಯೇ ಇಂಜಿನ್ನಿನ ಕಡೆ ಬಗ್ಗುತ್ತಿದ್ದರು.

ಅತ್ತೆ ಮಾತು ಕಡಿಮೆ. ಅವರ ಇಡೀ ದಿನ ಕೈಯಲ್ಲಿಯೇ ಕಳೆಯುತ್ತಿತ್ತು. ಸಮುದ್ರದ ಗಾಳಿಗೆ ನಮ್ಮಲ್ಲಿ ಕಬ್ಬಿಣ ಎನ್ನುವುದು ಉಳಿಯುವುದೇ ಇಲ್ಲ. ಮಳೆಗಾಲದಲ್ಲಂತೂ ಬೆಳಿಗ್ಗೆ ತೊಳೆದಿಟ್ಟ ಕತ್ತಿ ಸಂಜೆಗೆ ಕೆಂಪಾಗಿರುತ್ತದೆ. ಅದಕ್ಕೆ ಅತ್ತೆ ಕತ್ತಿ, ತುರಿಮಣೆ, ಹೊಲಿಗೆ ಮೆಷಿನು, ಗೇಟಿನ ಕೀಲು, ಬಾವಿಯ ರಾಟೆ ಎಲ್ಲದಕ್ಕೂ ತೆಂಗಿನೆಣ್ಣೆಯ ಬಟ್ಟೆ ಒರೆಸುತ್ತ ಬರುತ್ತಿದ್ದರು. ಮನೆಗೆ ಮನೆಯೇ ತೆಂಗಿನೆಣ್ಣೆಯ ವಾಸನೆ. ನಮ್ಮ ತಲೆಯೂ ಅದೇ, ಸಾರಿನ ಒಗ್ಗರಣೆಯೂ ಅದೇ. ಹಾಗಾಗಿ ಆ ವಾಸನೆ ನಮಗೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಕಾರು ಬಂದ ಮೇಲೆ ನನಗೆ ಆದ ಉಪಕಾರವನ್ನು ಹೇಳುವುದು ಸುಲಭ. ಕಾಪುವಿನಿಂದ ಉಡುಪಿಗೊಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು, ಎರಡರಲ್ಲೂ ನಿಂತು ನಿಂತು ಕಾಲು ಊದಿಸಿಕೊಳ್ಳುವುದು ತಪ್ಪಿತು. ಅತ್ತೆಗೆ ಆದದ್ದು ಅದಕ್ಕಿಂತ ದೊಡ್ಡದು. ಅವರ ಅಕ್ಕ ಕಾರ್ಕಳದಲ್ಲಿ ಹಾಸಿಗೆ ಹಿಡಿದಿದ್ದರು. ಬಸ್ಸಿನಲ್ಲಿ ಹೋದರೆ ಅಲ್ಲಿ ಉಳಿದುಕೊಳ್ಳಬೇಕು; ಉಳಿದುಕೊಂಡರೆ ಮಾವನಿಗೆ ರಾತ್ರಿಯ ಊಟ ಯಾರು ಬಡಿಸುವುದು? ನಾನಿದ್ದೆ, ಆದರೆ ಮಾವನ ಲೆಕ್ಕದಲ್ಲಿ ಅದು ಊಟವಲ್ಲ. ಕಾರು ಬಂದ ಮೇಲೆ ಭಾನುವಾರ ಊಟ ಮುಗಿಸಿ ಹೊರಟರೆ, ಪಡುಬಿದ್ರಿಯಲ್ಲಿ ತಿರುಗಿ, ಬೆಳ್ಮಣ್ಣು, ನಿಟ್ಟೆ ದಾಟಿ, ಅಕ್ಕನ ಹಾಸಿಗೆಯ ಪಕ್ಕ ಕೂತು ತಲೆ ಬಾಚಿ, ಕತ್ತಲಾಗುವ ಮೊದಲು ಕಾಪುವಿಗೆ ವಾಪಸು. ಅತ್ತೆ ಯಾವಾಗಲೂ ಮುಂದಿನ ಸೀಟು. ಒಮ್ಮೆ ನಿಟ್ಟೆಯ ಹತ್ತಿರ ಅವರಾಗಿಯೇ ಹೇಳಿದರು: "ಬಸ್ಸಿನಲ್ಲಿ ಕೂತರೆ ಎಲ್ಲ ಹಿಂದೆ ಹಿಂದೆ ಹೋಗುವುದು. ಇಲ್ಲಿ ಕೂತರೆ ಎಲ್ಲ ನಮ್ಮ ಕಡೆಗೇ ಬರುವುದು, ಅಲ್ವಾ?" ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಅದೇ ಮೊದಲು ಕೇಳಿದ್ದು.

ಜುಲೈ ತಿಂಗಳ ಒಂದು ಸಂಜೆ ಮಣಿಪಾಲದಿಂದ ಉಡುಪಿಯ ಕಡೆಗೆ ಇಳಿಜಾರು ಇಳಿಯುತ್ತಿದ್ದಾಗ ಹಿಂದಿನ ಚಕ್ರಗಳಿಂದ ಕರ್ಕಶವಾದ ಶಬ್ದ ಬಂತು. ತಗಡನ್ನು ಕಲ್ಲಿನ ಮೇಲೆ ಎಳೆದಂತೆ. ರಸ್ತೆ ಬದಿಯಲ್ಲಿ ನಡೆಯುತ್ತಿದ್ದ ಹಾಸ್ಟೆಲ್ ಹುಡುಗರು ನಿಂತು ತಿರುಗಿ ನೋಡಿದರು. ಬ್ರೇಕು ಒತ್ತಿದಾಗ ಮಾತ್ರ ಶಬ್ದ, ಬಿಟ್ಟರೆ ಇಲ್ಲ. ಬಿಟ್ಟರೆ ಕಾರು ಇಳಿಜಾರಿನ ಕೆಳಗಿನ ಇಂದ್ರಾಳಿಗೆ ಒಂದೇ ಹಾರು. ಅಷ್ಟು ದೂರವೂ ಶಬ್ದ ಮಾಡಿಕೊಂಡೇ ಇಳಿದೆ.

ಮಾವ ಶಬ್ದ ಕೇಳಿಯೇ ತೀರ್ಪು ಕೊಟ್ಟರು. "ಹಿಂದಿನ ಲೈನರ್ ಮುಗಿದಿದೆ. ರಿವೆಟ್ ಡ್ರಮ್ಮಿಗೆ ತಾಗ್ತಾ ಉಂಟು. ಡ್ರಮ್ಮನ್ನೂ ತಿಂದು ಹಾಕಿರ್ತದೆ. ಎರಡೂ ಹೊಸದು ಹಾಕುವಾ."

ಕಾರಿನ ಒಳಗನ್ನು ನೋಡದವರಿಗಾಗಿ ಇಷ್ಟು ಹೇಳಬೇಕು. ಚಕ್ರದ ಹಿಂದೆ ಬೋಗುಣಿಯಂಥ ಒಂದು ಕಬ್ಬಿಣದ ಡ್ರಮ್ಮು ಚಕ್ರದ ಜೊತೆಯಲ್ಲೇ ತಿರುಗುತ್ತಿರುತ್ತದೆ. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳು. ಅವುಗಳ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ ಲೈನರ್ ಎಂಬ ದಪ್ಪ ಪಟ್ಟಿ. ಕಾಲಲ್ಲಿ ಒತ್ತಿದಾಗ ಶೂಗಳು ಅಗಲವಾಗಿ, ಲೈನರು ಡ್ರಮ್ಮಿಗೆ ಉಜ್ಜಿ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಇಷ್ಟೇ. ಇದನ್ನು ನನಗೆ ಗಂಡ ಹೇಳಿಕೊಟ್ಟಿದ್ದರು, ಅವರಿಗೆ ಮಾವ ಹೇಳಿಕೊಟ್ಟಿದ್ದರು.

"ಉಡುಪಿಯಲ್ಲಿ ಗ್ಯಾರೇಜಿಗೆ ಕೊಟ್ಟರೆ ಒಂದು ದಿನದಲ್ಲಿ ಆಗುತ್ತದಲ್ಲ ಮಾವ" ಎಂದೆ. ತಪ್ಪಾಯಿತು. ಮಾವ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. "ನನ್ನ ಮನೆಯ ಗಾಡಿಯನ್ನು ಬೇರೆಯವನು ಬಿಚ್ಚುವುದಾ? ಮತ್ತೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಮುಖ ತೋರಿಸುವುದು ಹೇಗೆ ಮಾರಾಯ್ತಿ?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಆಟಿ ಅಲ್ವಾ, ಈಗ ಬಿಚ್ಚುವುದು ಬೇಡ. ಸೋಣ ಹುಟ್ಟಲಿ."

ಆಟಿ ಎಂದರೆ ನಮ್ಮ ತುಳುವರಿಗೆ ಮಳೆಯ, ಕೊರತೆಯ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸದೇನನ್ನೂ ಕೊಳ್ಳುವುದಿಲ್ಲ. ಆಗಸ್ಟ್ ಮಧ್ಯದಲ್ಲಿ ಸೋಣ ಹುಟ್ಟಿದ ಮೇಲೆಯೇ ಒಳ್ಳೆಯ ಕೆಲಸ. "ರಿಪೇರಿಗೆ ಎಂಥ ಆಟಿ?" ಎಂದು ಮಾವ ನಕ್ಕುಬಿಟ್ಟರು.

ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಉಡುಪಿಯಿಂದ ಮಾವ ತಂದ ಹೊಸ ಡ್ರಮ್ಮು, ಹೊಸ ಶೂ ಎರಡೂ ಕಾಗದದಲ್ಲಿ ಸುತ್ತಿ ಬಂದಿದ್ದವು. ಕಾರನ್ನು ಅಂಗಳದ ಇಳಿಮಾಡಿನ ಕೆಳಗೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕೆಂಪು ಕಲ್ಲು ಅಡ್ಡ ಇಟ್ಟು, ಹಿಂದಿನ ಭಾಗವನ್ನು ಜಾಕ್ ಹಾಕಿ ಎತ್ತಿ, ಕೆಳಗೆ ಮತ್ತೆ ಕಲ್ಲು ಪೇರಿಸಿದೆವು. ಸಾಮಾನು ಎತ್ತಿಕೊಡುವುದು, ಕಲ್ಲು ಹೊರುವುದು, ಬೈಸಿಕೊಳ್ಳುವುದು ನನ್ನ ಪಾಲು. ಹಳೆಯ ಡ್ರಮ್ಮು ತುಕ್ಕು ಹಿಡಿದು ಅಂಟಿಕೊಂಡುಬಿಟ್ಟಿತ್ತು. ಸುತ್ತಿಗೆಯಲ್ಲಿ ಸುತ್ತಲೂ ಬಡಿದು ಬಡಿದು ಮಾವನ ಬನಿಯನ್ನು ಒದ್ದೆ. ಕೊನೆಗೆ ಅದು ಕಳಚಿ ಬಂದಾಗ ಒಳಗಿನಿಂದ ಕಪ್ಪು ಹುಡಿ ಸುರಿಯಿತು. ಲೈನರು ಸವೆದು ರಿವೆಟಿನ ತಲೆಗಳು ಹೊರಗೆ ಬಂದಿದ್ದವು, ಡ್ರಮ್ಮಿನ ಒಳಮೈಯಲ್ಲಿ ಉಂಗುರ ಉಂಗುರವಾಗಿ ಗೀರು. ಮಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಕಂಡಿತು.

ಆಮೇಲೆ ಅವರು ಹೊಸ ಡ್ರಮ್ಮುಗಳ ಕಾಗದ ಬಿಚ್ಚಿದರು. ಅಂಗಡಿಯಲ್ಲಿ ತುಕ್ಕು ಹಿಡಿಯದ ಹಾಗೆ ಅವಕ್ಕೆ ದಪ್ಪ ಗ್ರೀಸು ಬಳಿದಿರುತ್ತಾರೆ. ಮಾವ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ ಒಳಗೂ ಹೊರಗೂ ತಿಕ್ಕಿ ತಿಕ್ಕಿ, ಕನ್ನಡಿಯ ಹಾಗೆ ಮಾಡಿ, ಜಗಲಿಯ ಮೇಲೆ ಗೋಣಿ ಹಾಸಿ ಸಾಲಾಗಿ ಇಟ್ಟರು. ಪಕ್ಕದಲ್ಲಿ ಹೊಸ ಶೂಗಳು.

ಜೋಡಿಸಲು ಕೂತಾಗ ಶೂಗಳನ್ನು ಎಳೆದು ಹಿಡಿಯುವ ಒಂದು ಸ್ಪ್ರಿಂಗು ಮಾವನ ಇಕ್ಕಳದಿಂದ ಹಾರಿತು. ಟಣ್ ಎಂದದ್ದು ಕೇಳಿತು, ಎಲ್ಲಿ ಎಂದು ಗೊತ್ತಾಗಲಿಲ್ಲ. ತೆಂಗಿನ ಮರದ ಬುಡ, ತುಳಸಿಕಟ್ಟೆ, ಚರಂಡಿ, ಎಲ್ಲಾ ಕಡೆ ಬಗ್ಗಿ ಹುಡುಕಿದೆವು. ಮಳೆ ಬಂತು, ಕತ್ತಲಾಯಿತು, ಸ್ಪ್ರಿಂಗು ಸಿಗಲಿಲ್ಲ. ಕೆಲಸ ಅಲ್ಲಿಗೆ ನಿಂತಿತು. ಮರುದಿನ ಬೆಳಿಗ್ಗೆ ಅದು ಅಂಗಳದಲ್ಲಿ ಒಣಗಲು ಹಾಕಿ ಮರೆತಿದ್ದ ನನ್ನದೇ ಸೀರೆಯ ಮಡಿಕೆಯಲ್ಲಿತ್ತು.

ಭಾನುವಾರ ಎಲ್ಲವೂ ಸಲೀಸಾಗಿ ಆಯಿತು. ಶೂಗಳು ಕೂತವು, ಸ್ಪ್ರಿಂಗುಗಳು ಕೂತವು, ಡ್ರಮ್ಮು ಒಂದೇ ತಳ್ಳಿಗೆ ಒಳಹೋಯಿತು. ಮಾವ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಕಿವಿಯಿಟ್ಟು ಕೇಳಿ, ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿದರು. ನಾನು ಒಳಗೆ ಕೂತು ಅವರು ಹೇಳಿದ ಹಾಗೆ ಬ್ರೇಕು ಒತ್ತಿದೆ, ಬಿಟ್ಟೆ, ಒತ್ತಿದೆ. ಪೆಡಲ್ಲು ಗಟ್ಟಿಯಾಗಿತ್ತು. "ಈಗ ನೋಡು" ಎಂದರು ಮಾವ, ಕೈ ಒರೆಸಿಕೊಳ್ಳುತ್ತ. ಅತ್ತೆ ಸೀರೆ ಬದಲಿಸಿ ಬಂದಿದ್ದರು. ಕಾರ್ಕಳಕ್ಕೆ ಹೋಗುವುದೆಂದು ಅಕ್ಕನಿಗಾಗಿ ಡಬ್ಬಿಯಲ್ಲಿ ಏನೋ ಕಟ್ಟಿಕೊಂಡಿದ್ದರು.

ನಮ್ಮ ಗೇಟಿನಿಂದ ಹೆದ್ದಾರಿಯ ಕಡೆಗೆ ಒಂದು ಸಣ್ಣ ಏರು. ಅಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಕಾರು ಏನೂ ಆಗದ ಹಾಗೆ, ತುಂಬಾ ನಿಧಾನವಾಗಿ, ಹಿಂದಕ್ಕೆ ಜಾರತೊಡಗಿತು. ಇನ್ನಷ್ಟು ಎಳೆದೆ. ಜಾರುತ್ತಲೇ ಇತ್ತು. ಕಾಲು ಒತ್ತಿದಾಗ ಮುಂದಿನ ಚಕ್ರಗಳು ಹಿಡಿದು ಕಾರು ನಿಂತಿತು. ಕನ್ನಡಿಯಲ್ಲಿ ಮಾವನ ಮುಖ ಕಂಡಿತು. ಬಾಯಿ ತೆರೆದೇ ಇತ್ತು.

ಮತ್ತೆ ಜಾಕು, ಮತ್ತೆ ಕಲ್ಲು. ಬಿಚ್ಚಿದರು, ನೋಡಿದರು, ಜೋಡಿಸಿದರು. ಜಾರಿತು. ಎಡದ್ದನ್ನು ಬಲಕ್ಕೆ ಹಾಕಿದರು. ಜಾರಿತು. ಒಳಗೆ ಎಣ್ಣೆ ಬಿದ್ದರೆ ಲೈನರು ಹಿಡಿಯುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲದೆ ಅಲ್ಲ. ಅದನ್ನೇ ಮೊದಲು ನೋಡಿದ್ದು. ಇಂಥಲ್ಲಿ ಎಣ್ಣೆ ಬರುವುದಿದ್ದರೆ ಚಕ್ರದ ಅಚ್ಚಿನಿಂದ, ಅಂದರೆ ಆಕ್ಸಿಲಿನಿಂದ ಬರಬೇಕು, ಕಪ್ಪಾಗಿ, ದಪ್ಪವಾಗಿ. ಇಲ್ಲವೇ ಬ್ರೇಕಿನ ಎಣ್ಣೆಯೇ ಸೋರಬೇಕು. ಎರಡೂ ಕಡೆ ಬೆರಳಾಡಿಸಿ ನೋಡಿದರು. "ಒಣಗಿಯೇ ಉಂಟು" ಎಂದರು. ಡ್ರಮ್ಮಿನ ಮೇಲೆ ಅವರಿಗೆ ಸಂಶಯವೇ ಇರಲಿಲ್ಲ. ಸ್ವತಃ ಪೆಟ್ರೋಲಿನಲ್ಲಿ ತೊಳೆದವರು ಅವರೇ ಅಲ್ಲವೇ.

ನನಗೆ ತಲೆ ಕೆಟ್ಟುಹೋಯಿತು. ಕಾಣುವ ಕಡೆಯೆಲ್ಲ ಸರಿ ಇದೆ. ಸರಿ ಇರುವ ವಸ್ತುಗಳನ್ನು ಸರಿಯಾಗಿ ಜೋಡಿಸಿದರೆ ಸರಿಯಾಗಬೇಕಲ್ಲ? ಲ್ಯಾಬಿನಲ್ಲಿ ಹೀಗಾದರೆ ನಾವು ಮಾದರಿಯನ್ನು ಚೆಲ್ಲಿ ಬೇರೆ ರಕ್ತ ತೆಗೆಯುತ್ತೇವೆ. ಇಲ್ಲಿ ಏನನ್ನು ಚೆಲ್ಲುವುದು? ಮನಸ್ಸಿನಲ್ಲಿ ಒಂದೇ ಒಂದು ಕಾರಣ ಹೊಳೆಯಿತು: ಮಾವನಿಗೆ ವಯಸ್ಸಾಯಿತು, ಬಸ್ಸಿನ ಕೆಲಸ ಬೇರೆ, ಇದು ಬೇರೆ. ಬಾಯಲ್ಲಿ ಆಡಲಿಲ್ಲ. ಆದರೆ ನನ್ನ ಮುಖ ಮುಚ್ಚುಮರೆ ಇಲ್ಲದ್ದು, ಅದು ಹೇಳಿಬಿಟ್ಟಿರಬೇಕು. ಆ ಸಂಜೆ ಮಾವ ಸ್ನಾನ ಮಾಡಿ ಬಂದು ಜಗಲಿಯಲ್ಲಿ ಕೂತು, ಯಾರನ್ನೂ ನೋಡದೆ ಹೇಳಿದರು:

"ಆಕ್ಸಿಲ್ ಬಾಗಿದೆ. ಡಾಕ್ಟರು ಎಲ್ಲಿಯೋ ಗುದ್ದಿಸಿ ಮಾರಿದ್ದು. ಈ ಗಾಡಿ ನಮಗೆ ಆಗ್ಲಿಕ್ಕಿಲ್ಲ. ಕಾರ್ಕಳದವರು ಕೇಳ್ತಾ ಇದ್ದಾರಲ್ಲ, ಕೊಟ್ಟುಬಿಡುವಾ."

ಕಾರ್ಕಳದವರು ಎಂದರೆ ಕಲ್ಲಿನ ವ್ಯಾಪಾರ ಮಾಡುತ್ತಿದ್ದ, ಮಾವನ ಹಳೆಯ ಪರಿಚಯದ ಒಬ್ಬರು. ಸಣ್ಣ ಕಾರು ಬೇಕೆಂದು ಎಂದಿನಿಂದಲೋ ಹೇಳುತ್ತಿದ್ದರು. ಆಕ್ಸಿಲಿನ ವಿಷಯ ಮಾವ ಅವರಿಂದ ಮುಚ್ಚಿಡಲಿಲ್ಲ. ತಮ್ಮಲ್ಲಿ ನೋಡಿಕೊಳ್ಳುವ ಜನ ಇದ್ದಾರೆ ಎಂದರು ಅವರು. ಆದರೆ ಅವರೂ ತುಳುವರೇ. ಆಟಿಯಲ್ಲಿ ಗಾಡಿ ಕೊಳ್ಳುವುದು ಬೇಡ, ಸೋಣ ಸಂಕ್ರಮಣ ಕಳೆದ ಮೇಲೆ ಬರುತ್ತೇನೆ ಎಂದರು.

ಹೀಗೆ ಆಟಿ ನನ್ನ ಕಾರನ್ನು ಉಳಿದ ಕೆಲವು ವಾರ ಮನೆಯಲ್ಲಿಟ್ಟಿತು. ನಾನು ಮತ್ತೆ ಬಸ್ಸಿಗೆ ಬಿದ್ದೆ. ಮಾವನ ಜೊತೆ ಜಗಳವಾಡಿದೆ. ನನಗೆ ಕೋಪ ಬಂದರೆ ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಮಾವ ಎರಡಕ್ಕೂ ನಸ್ಯದ ಡಬ್ಬಿ ತೆಗೆಯುತ್ತಿದ್ದರು. "ಇನ್ನೊಬ್ಬರಿಗೆ ಒಮ್ಮೆ ತೋರಿಸುವಾ" ಎಂದರೆ ಊಟ ಬಿಟ್ಟು ಎದ್ದರು. ತಪ್ಪು ಗಾಡಿಯದ್ದಲ್ಲ ಎಂದಾದರೆ ತಪ್ಪು ಅವರದ್ದಾಗುತ್ತದೆ, ನಡುವೆ ಮೂರನೆಯ ದಾರಿ ಅವರಿಗೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ. ಒಂದು ದಿನ ಮಣಿಪಾಲದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜಿನ ಅಧ್ಯಾಪಕರೊಬ್ಬರು ಎಲ್ಲ ಕೇಳಿ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಮಣಿಪಾಲ ಬರುವವರೆಗೆ ವಿವರಿಸಿದರು. ಹ್ಯಾಂಡ್‌ಬ್ರೇಕಿಗೆ ಪೈಪೇ ಇಲ್ಲ, ಅದು ಬರೀ ತಂತಿ ಎಂದು ನನಗೆ ಇಳಿದ ಮೇಲೆ ಹೊಳೆಯಿತು.

ಅತ್ತೆಯ ಕಾರಣ ಸರಳವಾಗಿತ್ತು. "ಆಟಿಯಲ್ಲಿ ಬಿಚ್ಚಬೇಡಿ ಎಂದು ನಾನು ಹೇಳಿದ್ದೆ" ಎಂದು ಒಮ್ಮೆ ಮಾತ್ರ ಹೇಳಿದರು. ಆಮೇಲೆ ಭಾನುವಾರ ಬಂದಾಗೆಲ್ಲ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಕಾರಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅವರು ಅಕ್ಕನ ಹೆಸರೆತ್ತಲಿಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಸೋಣ ಹುಟ್ಟಿತು. ಕಾರ್ಕಳದವರು ಹೇಳಿದ ದಿನಕ್ಕೆ ಬಂದರು, ಗಾಡಿ ಎಳೆದುಕೊಂಡು ಹೋಗಲು ಒಂದು ಜೀಪನ್ನೂ ತಂದಿದ್ದರು. ಮಾವ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಾತಿಗೆ ತೊಡಗಿದರು. ಅತ್ತೆ ಕೆಸುವಿನೆಲೆಯ ಪತ್ರೊಡೆ ಮಾಡಿದ್ದರು. ನಾನು ಅಡುಗೆಮನೆಯಲ್ಲಿ ತಟ್ಟೆಗೆ ಹಾಕುತ್ತಿದ್ದಾಗ ಒಂದು ತುಂಡು ಕೆಳಗೆ ಬಿತ್ತು. ಕಣ್ಣೀರು ಬಂತು. ಅತ್ತೆ ಅದನ್ನು ನೋಡಿಯೂ ನೋಡದ ಹಾಗೆ ಕೇಳಿದರು:

"ಈ ಬ್ರೇಕು ಅಂದರೆ ಎಂತ? ಅಷ್ಟು ದೊಡ್ಡ ಗಾಡಿ ಅದು ಹೇಗೆ ನಿಲ್ಲುವುದು?"

ನನಗೆ ಆ ಹೊತ್ತಿನಲ್ಲಿ ಪಾಠ ಮಾಡುವ ಮನಸ್ಸಿರಲಿಲ್ಲ. ಆದರೂ ಪತ್ರೊಡೆಯ ಪಾತ್ರೆ ಹಿಡಿದು ತೋರಿಸಿದೆ. "ಇದು ಡ್ರಮ್ಮು ಅಂತ ಇಟ್ಟುಕೊಳ್ಳಿ ಅತ್ತೆ, ತಿರುಗ್ತಾ ಉಂಟು. ಒಳಗಿನಿಂದ ಕೈ ಒತ್ತಿ ಹಿಡಿದರೆ ಉಜ್ಜುತ್ತದೆ, ನಿಲ್ಲುತ್ತದೆ. ಅಷ್ಟೇ. ಉಜ್ಜುವುದರಲ್ಲೇ ಇರುವುದು."

ಅತ್ತೆ ಪಾತ್ರೆಯನ್ನೇ ನೋಡಿದರು. ಅದರ ಒಳಮೈ ಎಣ್ಣೆಯಿಂದ ಮಿನುಗುತ್ತಿತ್ತು. ಪತ್ರೊಡೆ ಅಂಟದಿರಲಿ ಎಂದು ಅವರೇ ಸವರಿದ್ದು. ಬೆರಳನ್ನು ಒಳಗೆ ಒತ್ತಿ ಎಳೆದರು. ಬೆರಳು ಜಾರಿತು. ಇನ್ನೊಮ್ಮೆ ಎಳೆದರು.

"ಹಾಗಾದರೆ ಅದಕ್ಕೆ ಎಣ್ಣೆ ಹಾಕಬಾರದಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾವುದಕ್ಕೆ?"

"ಅದೇ. ಜಗಲಿಯಲ್ಲಿ ಗೋಣಿಯ ಮೇಲೆ ಇಟ್ಟಿದ್ದರಲ್ಲ, ಆ ಶನಿವಾರ ರಾತ್ರಿ. ಇವರು ಪೆಟ್ರೋಲಿನಲ್ಲಿ ತೊಳೆದು ಹಾಗೇ ಬರಿಮೈಯಲ್ಲಿ ಬಿಟ್ಟಿದ್ದರು. ಆಟಿಯ ಗಾಳಿ, ಬೆಳಿಗ್ಗೆಗೆ ಕೆಂಪಾಗ್ತದೆ ಅಂತ ನಾನು ಎಲ್ಲದಕ್ಕೂ ತೆಂಗಿನೆಣ್ಣೆ ಒರೆಸಿ ಇಟ್ಟೆ. ಆ ಚಂದ್ರನ ಹಾಗಿರುವುದಕ್ಕೂ. ಅದು ಎಣ್ಣೆ ಕುಡಿಯಿತು, ಅದಕ್ಕೆ ಎರಡು ಸಲ ಹಾಕಿದೆ."

ನಾನು ಪಾತ್ರೆ ಕೆಳಗಿಟ್ಟೆ. ನಗಬೇಕೋ ಅಳಬೇಕೋ ಕುಣಿಯಬೇಕೋ ಗೊತ್ತಾಗಲಿಲ್ಲ. ಆಕ್ಸಿಲು ಬಾಗಿರಲಿಲ್ಲ. ಮಾವನಿಗೆ ವಯಸ್ಸೂ ಆಗಿರಲಿಲ್ಲ. ಕಾರು ನನ್ನದೇ. ಜಗಲಿಗೆ ಓಡಬೇಕೆಂದು ತಿರುಗಿದವಳು ಅಲ್ಲೇ ನಿಂತೆ. ಹೊರಗಿನವರ ಮುಂದೆ ಇದನ್ನು ಹೇಳಿದರೆ ಅತ್ತೆಯ ಗತಿ ಏನು? ಮಾವನ ಕೋಪ ನನ್ನದಕ್ಕಿಂತ ದೊಡ್ಡದು. ಹೇಳದಿದ್ದರೆ ಜೀಪು ಕಾರನ್ನು ಎಳೆದುಕೊಂಡು ಹೋಗುತ್ತದೆ. ಒಂದು ಕಾಲು ಹೊಸ್ತಿಲ ಆಚೆ, ಒಂದು ಈಚೆ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು. ಪತ್ರೊಡೆಯ ತಟ್ಟೆಯನ್ನು ಎತ್ತಿಕೊಂಡು ನನ್ನನ್ನು ದಾಟಿ ಜಗಲಿಗೆ ಹೋದರು. ಕಾರ್ಕಳದವರ ಮುಂದೆ ತಟ್ಟೆ ಇಟ್ಟು, ನೆಟ್ಟಗೆ ನಿಂತು ಹೇಳಿದರು: "ಗಾಡಿಗೆ ಎಂತದೂ ಆಗಲಿಲ್ಲ. ಬ್ರೇಕಿಗೆ ಎಣ್ಣೆ ಹಾಕಿದ್ದು ನಾನು."

ಮಾವನ ನಸ್ಯದ ಚಿಟಿಕೆ ಮೂಗಿನ ಹತ್ತಿರವೇ ನಿಂತಿತು. "ಎಂತ?"

ಅತ್ತೆ ನನಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು, ಗೋಣಿ, ಗಾಳಿ, ಎಣ್ಣೆ. ಮಾವನ ಕುತ್ತಿಗೆ ಕೆಂಪೇರುತ್ತಾ ಬಂತು. "ನಿನಗೆ ಯಾರು ಹೇಳಿದ್ದು ಹಾಕ್ಲಿಕ್ಕೆ? ಯಾರು ಹೇಳಿದ್ದು? ಬ್ರೇಕಿಗೆ ಯಾರಾದರೂ ಎಣ್ಣೆ ಹಾಕ್ತಾರಾ? ತಲೆ ಸರಿ ಉಂಟಾ ನಿನಗೆ?"

"ನೀವೇ ಹೇಳಿದ್ದು" ಎಂದರು ಅತ್ತೆ.

"ನಾನಾ?"

"ಮದುವೆಯಾದ ವರ್ಷ. ನಿಮ್ಮ ಸ್ಪ್ಯಾನರನ್ನು ನಾನು ತೊಳೆದು ಹೊರಗೆ ಇಟ್ಟಿದ್ದೆ, ತುಕ್ಕು ಹಿಡಿಯಿತು. ನೀವು ಅದನ್ನು ಗೋಡೆಗೆ ಬಿಸಾಡಿ ಹೇಳಿದಿರಿ, ಕಬ್ಬಿಣವನ್ನು ಎಣ್ಣೆ ಹಾಕದೆ ಇಡಬಾರದು ಅಂತ. ಅಲ್ಲಿಂದ ಇಲ್ಲಿವರೆಗೆ ಇಡಲಿಲ್ಲ. ಬ್ರೇಕಿಗೆ ಹಾಕಬಾರದು ಅಂತ ನೀವು ಹೇಳಲಿಲ್ಲ."

ಅವರ ದನಿಯಲ್ಲಿ ಕೊಂಕಿರಲಿಲ್ಲ, ದೂರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಜಗಲಿಯ ಗೋಡೆಯಲ್ಲಿ, ಸುಣ್ಣದ ಪದರಗಳ ಅಡಿಯಲ್ಲಿ, ಒಂದು ಸಣ್ಣ ಕುಳಿ ಇತ್ತು. ನಾನು ಬಂದಾಗಿನಿಂದ ನೋಡಿದ್ದೆ, ಅದು ಏನೆಂದು ಕೇಳಿರಲಿಲ್ಲ. ಮಾವ ಈಗ ಅದನ್ನೇ ನೋಡುತ್ತಿದ್ದರು. ಕಾರ್ಕಳದವರು ತಲೆ ಬಗ್ಗಿಸಿ ಪತ್ರೊಡೆ ತಿನ್ನುವುದರಲ್ಲಿ ಮುಳುಗಿದರು.

ಮಾವ ಎದ್ದು, ಮಾಡಿನ ಕೆಳಗೆ ಹೋಗಿ, ಒಬ್ಬರೇ ಜಾಕು ಹಾಕಿ ಒಂದು ಚಕ್ರ ಬಿಚ್ಚಿದರು. ಡ್ರಮ್ಮು ಕಳಚಿ, ಶೂ ಒಂದನ್ನು ಹಿಡಿದು ನನ್ನನ್ನು ಕರೆದರು. "ಇದನ್ನು ಮೂಸಿ ನೋಡು. ನನ್ನ ಮೂಗಿಗೆ ನಸ್ಯ ಬಿಟ್ಟು ಬೇರೆ ಗೊತ್ತಾಗುವುದಿಲ್ಲ." ಮೂಸಿದೆ. ನಮ್ಮ ಅಡುಗೆಮನೆಯ ವಾಸನೆ. ಆ ಭಾನುವಾರ ಶೂಗಳನ್ನು ಕೈಯಲ್ಲಿ ಹಿಡಿದು ಹಿಡಿದು ಕೊಟ್ಟವಳು ನಾನೇ, ವಾಸನೆ ನನ್ನ ತಲೆಯದ್ದೆಂದೇ ಅಂದುಕೊಂಡಿರಬೇಕು.

ಮಾವ ಕಾರ್ಕಳದವರ ಕಡೆ ತಿರುಗಿ, "ಈ ಗಾಡಿ ಕೊಡುವುದಿಲ್ಲ. ತಪ್ಪು ತಿಳಿಯಬೇಡಿ" ಎಂದರು. ಅವರು ತಪ್ಪು ತಿಳಿಯಲಿಲ್ಲ. ಇನ್ನೊಂದು ತಟ್ಟೆ ಪತ್ರೊಡೆ ತಿಂದು ಜೀಪು ಹತ್ತಿದರು.

ಅನಂತರ ನಡೆದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮಾವ ಪೆಟ್ರೋಲಿನ ಡಬ್ಬಿ ಮತ್ತು ಮರಳು ಕಾಗದ ತಂದು, ಕೆಂಪು ಕಲ್ಲಿನ ಮೇಲೆ ಕೂತು, ಅತ್ತೆಯನ್ನು ಕರೆದರು. ಲೈನರಿನ ಮೇಲೆ ಕಾಗದವನ್ನು ಹೇಗೆ ಎಳೆಯಬೇಕೆಂದು ಒಮ್ಮೆ ಎಳೆದು ತೋರಿಸಿ, ಶೂವನ್ನು ಅವರ ಕೈಗೆ ಕೊಟ್ಟರು. "ಹೊಳಪು ಹೋಗುವವರೆಗೆ ಉಜ್ಜು. ಒರಟು ಆಗಬೇಕು." ತಮ್ಮ ಕೆಲಸದ ಸಾಮಾನನ್ನು ಅವರು ಹೆಂಡತಿಯ ಕೈಗೆ ಕೊಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆ ತುರಿಮಣೆಯ ಮೇಲೆ ಕೂತ ಹಾಗೆ ಕೂತು, ಎರಡೂ ಚಕ್ರಗಳ ಎಲ್ಲ ಶೂಗಳನ್ನೂ ಉಜ್ಜಿ ಒರಟು ಮಾಡಿದರು.

ಮರುದಿನ ಸಂಜೆ ಮಾವ, "ಇದನ್ನು ಇಲ್ಲಿಯ ಏರಿನಲ್ಲಿ ನೋಡಿದರೆ ಸಾಲದು, ಮಣಿಪಾಲದ ಇಳಿಜಾರಿನಲ್ಲೇ ನೋಡಬೇಕು" ಎಂದರು. ಮೂವರೂ ಹೋದೆವು. ಮುಂದಿನ ಸೀಟಿನ ಬಾಗಿಲನ್ನು ಮಾವ ತೆರೆದರು. ಅವರೇ ಕೂರುತ್ತಾರೆಂದು ಅತ್ತೆ ಹಿಂದಕ್ಕೆ ಸರಿದರು. ಮಾವ ಬಾಗಿಲು ಹಿಡಿದುಕೊಂಡೇ ನಿಂತಿದ್ದರು. ಅತ್ತೆ ಕೂತ ಮೇಲೆ ತಾವು ಹಿಂದೆ ಹತ್ತಿದರು.

ಇಳಿಜಾರಿನ ನಡುವೆ ನಿಲ್ಲಿಸಿ, ಕಾಲು ತೆಗೆದು, ಹ್ಯಾಂಡ್‌ಬ್ರೇಕ್ ಮಾತ್ರ ಎಳೆದೆ. ಕಾರು ಅಲ್ಲಾಡಲಿಲ್ಲ. ಪಕ್ಕದಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಇಳಿದುಹೋಯಿತು, ಆಗಲೂ ಅಲ್ಲಾಡಲಿಲ್ಲ.

"ನಿಂತಿತು ಅಲ್ವಾ?" ಎಂದರು ಅತ್ತೆ. ಆಮೇಲೆ ತಿರುಗದೆಯೇ ಹಿಂದಿನ ಸೀಟಿಗೆ ಹೇಳಿದರು: "ಇನ್ನು ಎಲ್ಲಿಗೆ ಎಣ್ಣೆ ಹಾಕಬೇಕು, ಎಲ್ಲಿಗೆ ಹಾಕಬಾರದು, ಎರಡೂ ಹೇಳಿ."

ಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಬಾಗಿಲಿನ ಕೀಲಿಗೆ ಹಾಕಬಹುದು, ಸ್ಪ್ರಿಂಗಿನ ಪಟ್ಟಿಗೆ ಹಾಕಬೇಕು, ಬೆಲ್ಟಿಗೆ ಹಾಕಲೇಬಾರದು. ಯಾಕೆ ಎಂದು ಅತ್ತೆ ಕೇಳಿದರು. ಯಾಕೆ ಎಂದೂ ಹೇಳಿದರು. ಅತ್ತೆ ಮತ್ತೆ ಕೇಳಿದರು. ಗ್ಯಾರೇಜಿನಲ್ಲಿ ಕಳೆದ ಅವರ ಆಯುಷ್ಯದ ಅಷ್ಟೂ ವಿದ್ಯೆ ಆ ಇಳಿಜಾರಿನಲ್ಲಿ, ನಿಂತ ಕಾರಿನಲ್ಲಿ, ಮೊದಲ ಸಲ ಅವರ ಹೆಂಡತಿಯ ಕಿವಿಗೆ ಬೀಳುತ್ತಿತ್ತು.

"ಇಷ್ಟು ವರ್ಷ ನೀನು ಇದನ್ನೆಲ್ಲ ಒಮ್ಮೆಯೂ ಕೇಳಲಿಲ್ಲ" ಎಂದರು ಮಾವ ಕೊನೆಗೆ. ಅವರ ದನಿ ಗಲಿಬಿಲಿಗೊಂಡಿತ್ತು.

ಅತ್ತೆ ಮುಂದಿನ ಗಾಜಿನಾಚೆ, ಕೆಳಗೆ ಕಾಣುತ್ತಿದ್ದ ರಸ್ತೆಯನ್ನು ನೋಡುತ್ತಿದ್ದರು. "ಕೇಳಬಹುದು ಅಂತ ನನಗೆ ಗೊತ್ತಿರಲಿಲ್ಲ" ಎಂದರು.

ನಾನು ಹ್ಯಾಂಡ್‌ಬ್ರೇಕ್ ಇಳಿಸಿದೆ. ಮುಂದಿನ ಭಾನುವಾರ ನಾವು ಕಾರ್ಕಳಕ್ಕೆ ಹೋದೆವು, ಮಾವನೂ ಬಂದರು.